ಚರಗಕ್ಕೆ ಕೇಳಿದ ಪಲ್ಯ

ಸಿಂದಗಿ
೧೧ ಜೂನ್ ೧೯೭೩

ಜೈಭೀಮ.

ಸುಜಾತಾಳ ಅಪ್ಪನವರಿಗೆ ರೇಣವ್ವ ಬರೆಯುವುದು. ನಾನು, ಮಗಳು ಇಬ್ಬರೂ ಆರಾಮ ಇದ್ದೇವೆ. ನೀವು ಆಲಮಟ್ಟಿ ಮುಟ್ಟಿ ಆಣೆಕಟ್ಟಿನ ಪ್ರಾಜೆಕ್ಟ್ ಆಫೀಸಿನಲ್ಲಿ ಹಾಜರಾದ ಸುದ್ದಿ ತಿಳಿಯಿತು. ನಾಲ್ಕು ಗಂಡಸರು ಮಲಗುವ ತಗಡಿನ ಶೆಡ್ಡಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಆಗುವುದಿಲ್ಲ ಎಂಬುದು ನನಗೂ ಗೊತ್ತು. ಕ್ವಾರ್ಟರ್ಸ್ ಸಿಗುವ ತನಕ ನಾವು ಇಲ್ಲೇ ಇರುತ್ತೇವೆ. ಅಷ್ಟು ಅಲೆದು ಈ ಮನೆ ಹಿಡಿದ ಎರಡೇ ತಿಂಗಳಿಗೆ ನಿಮಗೆ ವರ್ಗವಾಯಿತಲ್ಲ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಇಲ್ಲಿ ಮುಂಗಾರಿನ ಮಿರಗಾ ಮಳೆ ಚೆನ್ನಾಗಿ ಬಿತ್ತು. ಹೋದ ವರ್ಷ ಆಕಾಶವನ್ನು ನೋಡಿ ನೋಡಿ ಕಣ್ಣು ಬತ್ತಿದ್ದವರೆಲ್ಲ ಮಾಳಿಗೆ ಹತ್ತಿ ನೆನೆದರು. ಮನೆಯೊಡತಿ ಶಂಕ್ರೆವ್ವ ನನ್ನನ್ನು ಹಿತ್ತಿಲಿಗೆ ಕರೆದು, ಬಾವಿಯ ಆಚೆ ಜಾಲಿಮುಳ್ಳು ಬೆಳೆದು ಬಿದ್ದ ಜಾಗ ತೋರಿಸಿದರು.

"ನಮ್ಮ ಮನಿಯವರು ಇದ್ದಾಗ ಇಲ್ಲಿ ಬದನಿ, ಮೆಣಸಿನಕಾಯಿ ಆಗ್ತಿದ್ದವು. ಅವರು ಹೋದಮ್ಯಾಲೆ ಯಾರೂ ಕೈ ಹಚ್ಚಿಲ್ಲ. ನಿನ್ನ ಕೈಲೆ ಆಗ್ತಿದ್ದರ ಮಾಡು ತಂಗಿ" ಎಂದರು.

ಮುಳ್ಳು ಕಡಿದು, ಹಳೇ ಗೋಡೆಯ ಕಲ್ಲು ಆರಿಸಿ ಹಾಕಿ, ತರಕಾರಿಗೆ ಮಡಿ ಮಾಡಿದ್ದೇನೆ. ಪಕ್ಕದ ಮನೆಯ ಪೀರಬಿ ಗೋಡೆಯ ಮೇಲಿಂದ ಆಡಿನ ಗೊಬ್ಬರ ಕೊಟ್ಟಳು. ಹೀರಿ, ಸವತಿ, ಬೆಂಡಿ, ಪುಂಡಿಪಲ್ಯ ಊರಿದ್ದೇನೆ. ನೀರಿಗೆ ಚಿಂತೆ ಇಲ್ಲ. ಬಾವಿಯ ನೀರು ಸ್ವಲ್ಪ ಸವಳು, ಕುಡಿಯಬಹುದು. ಶಂಕ್ರೆವ್ವ, ನಾನು ಒಂದೇ ಹಗ್ಗದಲ್ಲಿ ಸೇದುತ್ತೇವೆ.

ನಿನ್ನೆ ಸೇದುವಾಗ ಅವರು, "ನಿಮ್ಮ ಮನಿದೇವ್ರು ಯಾವುದವ್ವಾ?" ಎಂದು ಕೇಳಿದರು. ಕೊಡ ಕೈಜಾರಿತೆಂಬಂತೆ ಮಾಡಿ, ಮಾತು ಬೇರೆ ಕಡೆ ತಿರುಗಿಸಿದೆ. ಇನ್ನೊಮ್ಮೆ ಕೇಳಿದರೆ ಏನೆನ್ನಲಿ?

ನಿಮ್ಮ
ರೇಣವ್ವ


ಆಲಮಟ್ಟಿ
೨೦ ಜೂನ್ ೧೯೭೩

ರೇಣವ್ವಗೆ, ಭೀಮಶ್ಯಾ ಮಾಡುವ ಆಶೀರ್ವಾದ.

ಮೊದಲ ಮಾತು. ಇನ್ನು ಮೇಲೆ ಕಾಗದದ ತಲೆಯ ಮೇಲೆ ಜೈಭೀಮ ಬರೆಯಬೇಡ. ಇಲ್ಲಿ ಎಲ್ಲರ ಟಪಾಲೂ ಒಂದೇ ಮೇಜಿನ ಮೇಲೆ ಬೀಳುತ್ತದೆ. ಯಾರ ಕೈ ಎಲ್ಲಿ ಹೋಗುತ್ತದೋ ಹೇಳಲಾಗದು.

ಮನೆದೇವರ ಮಾತು ಬಂದರೆ ಬಾಗೇವಾಡಿ ಕಡೆಯವರು ಎಂದು ಹೇಳಿ ಸುಮ್ಮನಾಗು. ಮನೆ ಕೇಳಲು ಹೋದ ದಿನ ನಾನು ಹೇಳಿದ್ದೂ ಅಷ್ಟೇ. ಸರಕಾರಿ ನೌಕರ, ಬಾಗೇವಾಡಿ ಕಡೆಯವನು ಎಂದೆ. ಉಳಿದದ್ದನ್ನು ಆ ಮುದುಕಿ ತಾನೇ ತಿಳಿದುಕೊಂಡಳು. ಅದು ಸುಳ್ಳಲ್ಲ. ಊರಲ್ಲಿ ನನಗೆ ಸಿಕ್ಕ ಉತ್ತರಗಳು ನಿನಗೆ ಗೊತ್ತೇ ಇವೆ. ಹೆಸರು ಕೇಳಿ ಮನೆ ಖಾಲಿ ಇಲ್ಲ ಎಂದವರು, ಹಳ್ಳಿ ಕೇಳಿ ಖಾಲಿ ಇಲ್ಲ ಎಂದವರು.

ಹಿತ್ತಿಲು ಮಾಡುವುದಾದರೆ ಮಾಡು. ನಿನಗೂ ಮಗಳಿಗೂ ಒಂದಿಷ್ಟು ತಪ್ಪಲು ಪಲ್ಯ ಆಗುತ್ತದೆ. ಆದರೆ ಬೆಳೆದದ್ದನ್ನು ಓಣಿಗೆ ಹಂಚಬೇಡ. ಕೊಟ್ಟದ್ದನ್ನು ಜನ ತಿನ್ನುತ್ತಾರೆ. ಆಮೇಲೆ ಗೊತ್ತಾದರೆ ತಿಂದದ್ದಕ್ಕೇ ಹೆಚ್ಚು ಸಿಟ್ಟಾಗುತ್ತಾರೆ.

ನನ್ನ ಊಟದ ಚಿಂತೆ ಮಾಡಬೇಡ. ವ್ಯವಸ್ಥೆ ಆಗಿದೆ. ಶೆಡ್ಡಿನಲ್ಲಿ ಜೊತೆಗಿರುವ ಶಹಾಬುದ್ದೀನ ಎಂಬ ಡ್ರೈವರ್ ಒಳ್ಳೆಯ ಮನುಷ್ಯ.

ಭೀಮಶ್ಯಾ


ಸಿಂದಗಿ
೩೦ ಆಗಸ್ಟ್ ೧೯೭೩

ಸುಜಾತಾಳ ಅಪ್ಪನವರಿಗೆ,

ನೀವು ಹೇಳಿದಂತೆ ತಲೆಯ ಮೇಲೆ ಏನೂ ಬರೆದಿಲ್ಲ. ಬರೆಯದೆ ಕಾಗದ ಬೋಳು ಕಾಣುತ್ತದೆ.

ಹೀರಿಬಳ್ಳಿ ಪೀರಬಿಯ ಗೋಡೆ ಹತ್ತಿ ಆಚೆಗೂ ಇಳಿದಿದೆ. ಸವತಿ ಕಾಯಿ ಹಿಡಿದಿದೆ. ಪುಂಡಿ ಮೊಣಕಾಲು ಎತ್ತರ ನಿಂತಿದೆ. ಚಿವುಟಿದಷ್ಟೂ ಒಡೆಯುತ್ತಿದೆ. ಬೆಂಡಿಗೆ ನುಸಿ ಬಿದ್ದಿತ್ತು, ಬೂದಿ ಎರಚಿದೆ. ಬದನಿ, ಮೆಣಸಿನ ಸಸಿ ನಾಟಿ ಮಾಡಿದ್ದೇನೆ. ಸುಜಾತಾ ಶಾಲೆಯಿಂದ ಬಂದವಳೇ ಸವತಿಮಿಡಿ ಕಿತ್ತು ತಿನ್ನುತ್ತ ಕೂಡುತ್ತಾಳೆ.

ಪೀರಬಿಗೆ ಗೊಬ್ಬರದ ಋಣಕ್ಕೆಂದು ಸ್ವಲ್ಪ ಹೀರಿಕಾಯಿ ಕೊಟ್ಟೆ. ಉಳಿದದ್ದು ನಾವೇ ತಿನ್ನುತ್ತೇವೆ. ಹೆಚ್ಚೇನೂ ಸುದ್ದಿ ಇಲ್ಲ.

ಊಟದ ವ್ಯವಸ್ಥೆ ಆಗಿದೆ ಎಂದಿರಿ. ಯಾರು ಮಾಡಿ ಹಾಕುತ್ತಾರೆ? ಬರೆಯಲಿಲ್ಲ. ದಸರೆಗೆ ರಜೆ ಹಾಕಿ ಬನ್ನಿ.

ರೇಣವ್ವ


ಆಲಮಟ್ಟಿ
೨೦ ಅಕ್ಟೋಬರ್ ೧೯೭೩

ರೇಣವ್ವಗೆ,

ದಸರೆ ಮುಗಿಸಿ ಬಂದು ಎರಡು ವಾರ ತಡೆದು ಬರೆಯುತ್ತಿದ್ದೇನೆ. ಅಲ್ಲಿ ಇದ್ದಾಗ ಮಗಳ ಮುಂದೆ ಜಗಳ ಬೇಡವೆಂದು ಬಾಯಿ ಬಿಡಲಿಲ್ಲ.

ಪೀರಬಿಗೆ ಸ್ವಲ್ಪ ಕೊಟ್ಟೆ ಎಂದು ನೀನು ಬರೆದಿದ್ದೆ. ನಾನು ಕಣ್ಣಾರೆ ನೋಡಿದ್ದು ಬೇರೆ. ಬೆಳಗಾದರೆ ಹಿತ್ತಿಲ ಬಾಗಿಲಿಗೆ ಓಣಿಯ ಹೆಂಗಸರು ಬುಟ್ಟಿ ಹಿಡಿದು ಬರುತ್ತಾರೆ. "ರೇಣವ್ವಾ, ಒಂದ ಹಿಡಿ ಪುಂಡಿ ಕೊಡವಾ" ಎನ್ನುತ್ತಾರೆ. ನೀನು ಉಡಿತುಂಬ ಚಿವುಟಿ ಕೊಡುತ್ತೀ. ಎದುರುಮನೆಯ ಚನ್ನವ್ವ ನಿನ್ನ ಕೈಯಿಂದ ಸವತಿ ಇಸಿಕೊಂಡು ಅಲ್ಲೇ ಕಚ್ಚಿ ತಿಂದಳು. ನಾನು ಎದ್ದು ಒಳಗೆ ಹೋದೆ.

ಇನ್ನೊಂದು. ಹಬ್ಬದ ದಿನ ಬಂದಿದ್ದನಲ್ಲ, ಶಂಕ್ರೆವ್ವನ ತಮ್ಮನ ಮಗ ಬಸಂತರಾಯ, ಮುದ್ದೇಬಿಹಾಳದಲ್ಲಿ ಕಾಳುಕಡಿಯ ಅಡತಿ ಅಂಗಡಿ ಇಟ್ಟವನು. ಬನ್ನಿ ಕೊಟ್ಟು ನನ್ನ ಕೈ ಹಿಡಿದುಕೊಂಡೇ, "ನೀವು ಬಾಗೇವಾಡಿ ಒಳಗ ಯಾರ ಪೈಕಿರಿ?" ಎಂದು ಕೇಳಿದ. "ಅಲ್ಲೇ ಹಂತೇಕ ಹಳ್ಳಿರಿ" ಎಂದು ನಕ್ಕೆ. ಅವನು ನಗಲಿಲ್ಲ. ಅವನು ವ್ಯಾಪಾರಕ್ಕೆಂದು ಆಲಮಟ್ಟಿಗೂ ಬರುತ್ತಿರುತ್ತಾನೆ.

ಹಂಚುವುದನ್ನು ನಿಲ್ಲಿಸು. ರೋಗ ಬಿತ್ತು ಎನ್ನು, ಒಣಗಿತು ಎನ್ನು. ಏನಾದರೂ ಹೇಳು.

ಭೀಮಶ್ಯಾ


ಸಿಂದಗಿ
೫ ನವೆಂಬರ್ ೧೯೭೩

ಸುಜಾತಾಳ ಅಪ್ಪನವರಿಗೆ,

ಹೌದು, ನಿಮಗೆ ಪೂರ್ತಿ ಬರೆದಿರಲಿಲ್ಲ. ಬರೆದರೆ ಬೇಡವೆನ್ನುತ್ತೀರೆಂದು ಗೊತ್ತಿತ್ತು.

ಅದು ಹೇಗಾಯಿತೆಂದರೆ, ಶ್ರಾವಣದ ಒಂದು ಬೆಳಗ್ಗೆ ಶಂಕ್ರೆವ್ವ ಮಡಿಯ ಹತ್ತಿರ ಬಂದು ಕೂತರು. ಬರದ ವರ್ಷ ಅವರು ಹಸಿರು ಪಲ್ಯದ ಮುಖ ಕಂಡಿರಲಿಲ್ಲವಂತೆ. ಸರಕಾರ ಹಂಚಿದ ಅಮೆರಿಕದ ಜೋಳ, ಒಣ ಖಾರ ಇಷ್ಟೇ ತಿಂದು ಕಳೆದರಂತೆ. ಮಾತಾಡುತ್ತ ಆಡುತ್ತ ಒಂದು ಪುಂಡಿ ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ನಾನು ಕೊಡಲಿಲ್ಲ, ಅವರೇ ಕಿತ್ತುಕೊಂಡರು. ಕೈ ಹಿಡಿದು ಬೇಡವೆನ್ನಬೇಕಿತ್ತೇ? ಸಂಜೆಗೆ ಓಣಿಯ ತುಂಬ, ಶಂಕ್ರೆವ್ವನ ಹಿತ್ತಿಲಲ್ಲಿ ಪುಂಡಿ ಬಂದಿದೆ ಎಂದು ಸುದ್ದಿಯಾಯಿತು.

ಪ್ರತಿ ಸಲ ಕೊಡುವಾಗಲೂ ನಿಮ್ಮ ಮಾತು ನೆನಪಾಗುತ್ತದೆ. ಆದರೂ ಕೊಡುತ್ತೇನೆ. ಈ ಊರಲ್ಲಿ ಜನ ನನ್ನ ಹೆಸರು ಹಿಡಿದು ಕೂಗುತ್ತ ಬರುವುದು ಆ ಹಿತ್ತಿಲ ಬಾಗಿಲಿಗೆ ಮಾತ್ರ. ಅದನ್ನೂ ಮುಚ್ಚಿಕೊಂಡು ಕೂತರೆ ಏನು ಉಳಿಯುತ್ತದೆ, ನೀವೇ ಹೇಳಿ.

ಹಿಂಗಾರಿಗೆ ಮೆಂತೆ, ಮೂಲಂಗಿ, ಅವರೆ, ಹಕ್ಕರಕಿ ಸೊಪ್ಪು ಹಾಕಿದ್ದೇನೆ. ಬದನಿ ಹೂ ಹಿಡಿದಿದೆ. ಈಗ ಕಷ್ಟದ ಮಾತು. ಎಳ್ಳಮಾವಾಸ್ಯೆಗೆ ಅವರ ಹೊಲಕ್ಕೆ ಹೋಗಿ ಎಡೆಯ ಅಡಿಗೆಯನ್ನು ಬೆಳೆಯ ಮೇಲೆ ಚರಗ ಚೆಲ್ಲುತ್ತಾರಲ್ಲ, ಆ ಅಡಿಗೆಗೆ ಬೇಕಾದ ಸೊಪ್ಪು, ಕಾಯಿಪಲ್ಯವೆಲ್ಲ ಈ ವರ್ಷ ನಮ್ಮ ಹಿತ್ತಿಲದ್ದೇ ಆಗಬೇಕೆಂದು ಶಂಕ್ರೆವ್ವ ಹೇಳಿದ್ದಾರೆ. "ನಮ್ಮ ಮನಿಯವರು ಇದ್ದಾಗಿನ ಹಂಗ ಆಗ್ಲಿ" ಎಂದರು.

ಮನೆಯಲ್ಲಿ ಬೇಯಿಸಿ ತಿನ್ನುವುದು ಒಂದು. ಭೂಮಿತಾಯಿಗೆ, ತೀರಿಹೋದ ಹಿರಿಯರಿಗೆ ಎಡೆ ಇಡುವುದು ಇನ್ನೊಂದು. ನಾಳೆ ಗೊತ್ತಾದರೆ ಅವರ ಮನಸ್ಸಿಗೆ ಏನಾಗಬಹುದು ಎಂದು ಯೋಚಿಸಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ? ತಡಮಾಡದೆ ಬರೆಯಿರಿ.

ರೇಣವ್ವ


ಆಲಮಟ್ಟಿ
೧೮ ಡಿಸೆಂಬರ್ ೧೯೭೩

ರೇಣವ್ವಗೆ,

ಉತ್ತರ ತಡವಾಯಿತು. ಕಟ್ಟಡದ ಕೆಲಸ ಜೋರಾಗಿದೆ, ಕೂಲಿಗಳ ಹಾಜರಿ ಮಸ್ಟರ್ ಬರೆದು ಬರೆದು ಕೈ ಸೋತಿದೆ. ಅದೊಂದೇ ಕಾರಣವಲ್ಲ, ಏನು ಬರೆಯಬೇಕೋ ತಿಳಿಯಲಿಲ್ಲ.

ಹೀಗೆ ಮಾಡು. ಪೀರಬಿಯ ಕೋಳಿ ನುಗ್ಗಿ ಮಡಿ ಕೆದರಿಬಿಟ್ಟವು ಎಂದು ಹೇಳು. ಬೇಕಿದ್ದರೆ ನೀನೇ ಒಂದೆರಡು ಮಡಿ ಕಿತ್ತುಹಾಕು. ಅಮಾವಾಸ್ಯೆಗೆ ಎರಡು ದಿನ ಮುಂಚೆ ಮಗಳನ್ನು ಕರೆದುಕೊಂಡು ಬಾಗೇವಾಡಿ ಬಸ್ಸು ಹತ್ತಿ ನಮ್ಮ ಅಣ್ಣನ ಮನೆಗೆ ಹೋಗು. ಮುಗಿದ ಮೇಲೆ ಬಾ. ಕೊಡಲೂಬೇಡ, ಹೇಳಲೂಬೇಡ. ಹೇಳಿದರೆ ನಿನ್ನ ಮನೆಯೊಂದೇ ಹೋಗುವುದಿಲ್ಲ. ಇದಕ್ಕಿಂತ ಹೆಚ್ಚು ಬರೆಯಲಾರೆ.

ಭೀಮಶ್ಯಾ


ಸಿಂದಗಿ
೨೩ ಡಿಸೆಂಬರ್ ೧೯೭೩

ಜೈಭೀಮ.

ಸುಜಾತಾಳ ಅಪ್ಪನವರಿಗೆ,

ದಿನಾ ಟಪಾಲಿನವನ ದಾರಿ ನೋಡಿದೆ. ನಿಮ್ಮ ಕಾಗದ ಬರಲಿಲ್ಲ. ನಾಳೆ ಅಮಾವಾಸ್ಯೆ. ನಿನ್ನೆ ನಾನೇ ತೀರ್ಮಾನ ಮಾಡಿದೆ.

ಬೆಳಗ್ಗೆ ಶಂಕ್ರೆವ್ವ ದೊಡ್ಡ ಬುಟ್ಟಿ ತಂದು ಬಾವಿಯ ಕಟ್ಟೆಯ ಮೇಲಿಟ್ಟರು. ನಾನು ಮೊದಲು ಎಲ್ಲ ಕಿತ್ತು ತುಂಬಿದೆ. ಪುಂಡಿ, ಮೆಂತೆ, ಎಳೆ ಬದನಿ, ಅವರೆ, ಹಕ್ಕರಕಿ. ಬುಟ್ಟಿ ತುಂಬಿದ ಮೇಲೆ ಎತ್ತಿಕೊಡದೆ ನಿಂತುಕೊಂಡೆ.

"ಶಂಕ್ರೆವ್ವಾರ, ಒಯ್ಯೂಕಿಂತ ಮೊದಲ ಒಂದ ಮಾತ ಹೇಳಬೇಕ್ರಿ" ಎಂದೆ.

"ಹೇಳು."

"ನಾವು ಊರಹೊರಗಿನ ಕೇರಿಯವರ ಅದೇವ್ರಿ. ಈಗ ಬೌದ್ಧರಾಗೇವಿ. ನಿಮಗ ಗೊತ್ತಿಲ್ಲದಂಗ ಇದು ಎಡಿಗೆ ಹೋಗಬಾರದು ಅನಿಸ್ತು."

ಅವರು ಬುಟ್ಟಿಯನ್ನು ನೋಡಿದರು. ಆಮೇಲೆ ನನ್ನ ಕೈಗಳನ್ನು ನೋಡಿದರು. ಕೈಗೆ ಮಣ್ಣು ಮೆತ್ತಿತ್ತು.

"ಮೊದಲ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ರಿ."

"ಮನಿದೇವ್ರು ಯಾವುದು ಅಂತ ಕೇಳಿದ್ದೆ."

ಅವರು ಸೆರಗು ಹೊದ್ದುಕೊಂಡು ಒಳಗೆ ಹೋದರು. ಬುಟ್ಟಿ ಕಟ್ಟೆಯ ಮೇಲೇ ಉಳಿಯಿತು. ಸಂಜೆಯ ತನಕ ಪುಂಡಿ ಬಾಡಿ ಕಪ್ಪಾಯಿತು. ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇವತ್ತು ಅವರ ಆಳು ಸಂತೆಯಿಂದ ಪಲ್ಯ ತಂದ.

ಹೆದರಿಕೆ ಆಗಿದೆ. ಆದರೆ ಮನೆದೇವರು ಯಾವುದೆಂದು ಇನ್ನು ಯಾರು ಕೇಳಿದರೂ ಮಾತು ತಿರುಗಿಸಬೇಕಿಲ್ಲ.

ರೇಣವ್ವ


ಸಿಂದಗಿ
೯ ಜನವರಿ ೧೯೭೪

ಜೈಭೀಮ.

ಸುಜಾತಾಳ ಅಪ್ಪನವರಿಗೆ,

ನಿಮ್ಮ ಡಿಸೆಂಬರ್ ಕಾಗದ ಅಮಾವಾಸ್ಯೆಯ ದಿನವೇ ಬಂತು. ಓಣಿಯವರೆಲ್ಲ ಬಂಡಿ ಕಟ್ಟಿ ಹೊಲಕ್ಕೆ ಹೋಗಿದ್ದರು. ಖಾಲಿ ಓಣಿಯಲ್ಲಿ ಕೂತು ಓದಿದೆ. ನನ್ನ ಕೈಯಿಂದಲೇ ಮಡಿ ಕಿತ್ತುಹಾಕು ಎಂದಿರಲ್ಲ, ಅದನ್ನು ಹೇಗೆ ಬರೆದಿರಿ?

ಇಲ್ಲಿಯ ಸ್ಥಿತಿ ತಿಳಿಸುತ್ತೇನೆ. ಬಾವಿಯ ಹಗ್ಗ ತೆಗೆದಿದ್ದಾರೆ. ಹಿತ್ತಿಲ ಬಾಗಿಲಿಗೆ ಯಾರೂ ಬರುವುದಿಲ್ಲ. ಚನ್ನವ್ವ ನನ್ನನ್ನು ಕಂಡರೆ ಸೆರಗು ಎಳೆದುಕೊಂಡು ಗೋಡೆಯ ಬದಿಗೆ ಸರಿದು ಹೋಗುತ್ತಾಳೆ. ಮನೆಗೆ ಹೋಗಿ ತಲೆ ಮೇಲೆ ನೀರು ಹಾಕಿಕೊಂಡಳಂತೆ. ನಾಲ್ಕು ತಿಂಗಳು ತಿಂದ ಸವತಿ, ಹೀರಿ, ಪುಂಡಿ ಅದರಿಂದ ಹೋದವೋ ಏನೋ. ನೀರು ಪೀರಬಿಯದು. ಅವಳು ತನ್ನ ಬಾವಿಯಿಂದ ಸೇದಿ ಗೋಡೆಯ ಮೇಲಿಂದ ಕೊಡ ಇಳಿಸುತ್ತಾಳೆ. ನಮಗೆ ಸಾಕಾಗುತ್ತದೆ, ಮಡಿಗಳಿಗೆ ಸಾಲದು.

ಮೊನ್ನೆ ಬಸಂತರಾಯ ಮುದ್ದೇಬಿಹಾಳದಿಂದ ಬಂದ. ಅಂಗಳದಲ್ಲೇ ನಿಂತು ಯುಗಾದಿಗೆ ಮನೆ ಬಿಡಬೇಕು ಎಂದ. ಆಯಿತೆಂದೆ. ಆಗ ಅವನು ಹೇಳಿದ ಮಾತು ಬರೆಯುತ್ತೇನೆ, ಒಂದಕ್ಷರ ಹೆಚ್ಚು ಕಡಿಮೆ ಇಲ್ಲ.

"ನಿನ್ನ ಗಂಡ ಆಲಮಟ್ಟಿ ಸ್ಟೇಶನ್ ಹಂತೇಕ ನಮ್ಮ ಶ್ರೀಶೈಲಪ್ಪನ ಖಾನಾವಳ್ಯಾಗ ದಿನಾ ಒಳಗ ಕುಂತು ಉಣ್ತಾನ. ಬಾಗೇವಾಡಿ ಗೌಡ್ರ ಪೈಕಿ ಏನಪಾ ಅಂತ ಕೇಳಿದರ ಹೌದ್ ಅಂದಾನಂತ. ನೀನರ ಬಾಯಿ ಬಿಟ್ಟು ಹೇಳಿದಿ. ಅಂವಾ?"

ನಾನು ಅವನ ಮುಂದೆ ನಿಮ್ಮನ್ನು ಬಿಟ್ಟುಕೊಡಲಿಲ್ಲ. ನನಗೆ ಗೊತ್ತಿತ್ತು ಎಂಬಂತೆ ನಿಂತೆ. ನನಗೆ ಗೊತ್ತಿರಲಿಲ್ಲ. "ನಿನ್ನ ಮನೆಯೊಂದೇ ಹೋಗುವುದಿಲ್ಲ" ಎಂದು ಬರೆದದ್ದು ಇದಕ್ಕೇ ಎಂದು ಈಗ ತಿಳಿಯಿತು. ನಾನು ನಿಮ್ಮ ಹೆದರಿಕೆ ನಮ್ಮ ಸಲುವಾಗಿ ಎಂದು ತಿಳಿದಿದ್ದೆ.

ಪೀರಬಿಯ ಗಂಡ ಯಾಕೂಬಸಾಬರು, "ಹಗ್ಗಾ ತಗದದ್ದಕ್ಕ ಕಾಯ್ದೆ ಐತಿ. ಠಾಣೇಕ ಹೋಗಿ ಬರಸ್ರಿ, ನಾ ಸಾಕ್ಷಿ ಹೇಳ್ತೇನಿ" ಎನ್ನುತ್ತಾರೆ. ನೀವು ಬಂದು ಜೊತೆಗೆ ನಿಲ್ಲುವುದಾದರೆ ಹೋಗುತ್ತೇನೆ. ನಿಲ್ಲುತ್ತೀರಾ?

ರೇಣವ್ವ


ಆಲಮಟ್ಟಿ
೨ ಫೆಬ್ರವರಿ ೧೯೭೪

ರೇಣವ್ವಗೆ,

ನಿನಗೆ ಸಮಾಧಾನವಾಯಿತೇ? ಹೋದ ವಾರ ಬಸಂತರಾಯ ಇಲ್ಲಿಗೂ ಬಂದು ಹೋದ. ಮಾರನೆಯ ದಿನ ಮಧ್ಯಾಹ್ನ ಖಾನಾವಳಿ ತುಂಬಿತ್ತು. ನನ್ನ ಮುಂದೆ ರೊಟ್ಟಿ ಬಡಿಸಿ ಆಗಿತ್ತು. ಶ್ರೀಶೈಲಪ್ಪ ಹಣದ ಗಲ್ಲಾದಿಂದ ಎದ್ದು ಬಂದು ಎಲ್ಲರ ಮುಂದೆ ಕೇಳಿದ:

"ಭೀಮಶ್ಯಾ, ನಿನ್ನ ಹೆಂಡತಿ ಸಿಂದಗ್ಯಾಗ ಒಂದ ಹೇಳ್ಯಾಳಂತ. ನೀ ಇಲ್ಲಿ ಒಂದ ಹೇಳೀ. ಯಾವುದ ಖರೆ?"

ರೊಟ್ಟಿ ಅಲ್ಲೇ ಬಿಟ್ಟೆ. ಕೈ ತೊಳೆದು ಎದ್ದು ಬಂದೆ. ಹಿಂದೆ ಯಾರೋ ನಕ್ಕರು. ಯಾರೆಂದು ತಿರುಗಿ ನೋಡಲಿಲ್ಲ. ಈಗ ಸ್ಟೇಶನ್ನಿನಲ್ಲಿ ಬನ್ನು ಚಹಾ ಮೇಲೆ ದಿನ ತಳ್ಳುತ್ತಿದ್ದೇನೆ. ಆಫೀಸಿನಲ್ಲಿ ಮಾತಾಡುತ್ತಾರೆ, ಆದರೆ ನಾನು ಬಂದೊಡನೆ ಮಾತು ಬದಲಿಸುತ್ತಾರೆ.

ಖರೆ ಹೇಳಿ ನೀನು ಪಡೆದದ್ದೇನು? ಹಗ್ಗ ಹೋಯಿತು, ಮನೆ ಹೋಯಿತು, ನನ್ನ ಊಟ ಹೋಯಿತು. ಆ ಖಾನಾವಳಿಯಲ್ಲಿ ಒಂದು ತುತ್ತನ್ನಾದರೂ ನಾನು ನಿರುಮ್ಮಳವಾಗಿ ನುಂಗಿದ್ದೇನೆಂದು ತಿಳಿಯಬೇಡ. ಹಸಿವೆಗಿಂತ ಹೆದರಿಕೆಯೇ ಹೆಚ್ಚಿತ್ತು. ಆದರೂ ಬೆಳಗಿನಿಂದ ದುಡಿದವನಿಗೆ ನಾಲ್ಕು ಜನರ ಸಾಲಿನಲ್ಲಿ ಕೂತು ಉಣ್ಣುವ ಆಸೆ ಇರಬಾರದೇ?

ಠಾಣೆಗೆ ಹೋಗುವುದು ಬೇಡ. ಶಂಕ್ರೆವ್ವ ಏನಾದರೂ ದಾರಿ ತೋರಿಸಿದರೆ ಒಪ್ಪಿಕೋ. ತಗ್ಗಿ ನಡೆ. ಕ್ವಾರ್ಟರ್ಸ್ ಸಿಗುವ ತನಕವಾದರೂ.

ಭೀಮಶ್ಯಾ


ಆಲಮಟ್ಟಿ
೨೮ ಫೆಬ್ರವರಿ ೧೯೭೪

ರೇಣವ್ವಗೆ,

ನಿನ್ನಿಂದ ಕಾಗದವಿಲ್ಲ. ಮಗಳು ಹೇಗಿದ್ದಾಳೆ? ನೀರಿಗೆ ಏನು ಮಾಡಿದಿ? ನಾನು ಸಿಟ್ಟಿನಲ್ಲಿ ಬರೆದೆ. ಎರಡು ಅಕ್ಷರ ಹಾಕು.

ಭೀಮಶ್ಯಾ


ಸಿಂದಗಿ
೧೨ ಮಾರ್ಚ್ ೧೯೭೪

ಜೈಭೀಮ.

ಸುಜಾತಾಳ ಅಪ್ಪನವರಿಗೆ,

ಬರೆಯಬಾರದೆಂದಲ್ಲ. ನೀವು ಠಾಣೆ ಬೇಡ ಎಂದದ್ದಕ್ಕೆ ಏನು ಬರೆಯಬೇಕೋ ತಿಳಿಯದೆ ಸುಮ್ಮನಿದ್ದೆ.

ಬಿಸಿಲು ಏರಿದೆ. ಮೆಂತೆ, ಮೂಲಂಗಿ ಹೋದವು. ಪೀರಬಿಯ ನೀರಿನಿಂದ ಬದನಿ, ಮೆಣಸಿನಗಿಡ, ಎರಡು ಸಾಲು ಚವಳಿಕಾಯಿ ಉಳಿಸಿಕೊಂಡೆ. ಓಣಿಯವರು ಒಯ್ಯುವುದಿಲ್ಲ, ನಾವಿಬ್ಬರು ಎಷ್ಟು ತಿನ್ನಬೇಕು? ಅದಕ್ಕೆ ಸಂತೆಗೆ ಹೋಗಿ ಚೀಲ ಹಾಸಿ ಕೂತೆ. ಸಂತೆಯಲ್ಲಿ ಯಾರೂ ನನ್ನ ಮನೆದೇವರನ್ನು ಕೇಳಲಿಲ್ಲ. ಬದನಿ ಎಳೆಯದೋ ಬಲಿತದ್ದೋ ಎಂದಷ್ಟೇ ಕೇಳಿದರು. ಎರಡನೆಯ ವಾರ ಚನ್ನವ್ವ ಬಂದು, ನನ್ನನ್ನು ಎಂದೂ ನೋಡಿಲ್ಲ ಎಂಬಂತೆ ನಿಂತು, ಚವಳಿಕಾಯಿ ಕೊಂಡು ಹೋದಳು. ನಾನೂ ಎಂದೂ ನೋಡಿಲ್ಲ ಎಂಬಂತೆ ತೂಗಿ ಕೊಟ್ಟೆ.

ಮೊನ್ನೆ ಶಂಕ್ರೆವ್ವ ತಾವೇ ಬಂದರು. ಸಂತೆಗೆ ಅವರು ಬರುವುದೇ ಇಲ್ಲ, ಆಳು ಬರುತ್ತಾನೆ. ಬದನಿ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ನಿಮ್ಮ ಹಿತ್ತಲದ್ದ ಅದಾವ್ರಿ" ಎಂದೆ.

"ಗೊತ್ತೈತಿ. ಅದಕ್ಕ ಬಂದೇನಿ."

ಅಲ್ಲೇ ಚೀಲದ ಅಂಚಿಗೆ ಕುಕ್ಕರಗಾಲಲ್ಲಿ ಕೂತರು.

"ನೋಡ ರೇಣವ್ವ, ನನಗ ಸಿಟ್ಟ ಬಂದದ್ದು ನೀ ಮುಚ್ಚಿಟ್ಟದ್ದಕ್ಕ, ಜಾತಿಗಲ್ಲ ಅಂತ ಎಲ್ಲಾರ ಮುಂದ ಹೇಳಾಕತ್ತೇನಿ. ಅದು ಸುಳ್ಳು. ಜಾತಿಗೇ ಬಂತು. ಎಪ್ಪತ್ತ ವರ್ಷ ಹಂಗ ಬೆಳೆದೇನಿ. ಆದರ ನೀ ಅವತ್ತ ಬುಟ್ಟಿ ಕೊಟ್ಟು ಸುಮ್ಮನಿದ್ದಿದ್ದರ ನನಗೇನ ಗೊತ್ತಾಗ್ತಿತ್ತು? ಅದ ತಲ್ಯಾಗಿಂದ ಹೋಗವಲ್ದು."

ಅವರು ಕೈಯಲ್ಲಿದ್ದ ಬದನಿ ಚೀಲದ ಮೇಲೆ ಇಟ್ಟರು.

"ಮನಿ ನಂದು, ಬಸಂತಂದಲ್ಲ. ನೀ ಇರು. ನೀರು ನಾ ಸೇದಿ ನಿನ್ನ ಕೊಡಕ್ಕ ಹಾಕ್ತೇನಿ. ಹಗ್ಗಾ ಮಾತ್ರ ಮುಟ್ಟಬ್ಯಾಡ. ಓಣಿ ಬಾಯಿ ಮುಚ್ಚತೈತಿ."

ನೀವು ಬರೆದ ಮಾತು ನೆನಪಿಗೆ ಬಂತು, ತಗ್ಗಿ ನಡೆ ಎಂದದ್ದು. ಅವರ ವಯಸ್ಸಿಗೆ ಬಾವಿ ಸೇದಿ ಹಾಕುತ್ತೇನೆ ಎನ್ನುವುದು ಸಣ್ಣ ಮಾತೂ ಅಲ್ಲ. ಆದರೂ ಬಾಯಿಂದ ಬೇರೆಯೇ ಬಂತು.

"ನೀವು ಸೇದಿ ಹಾಕಿದರ ಗಿಡಾ ಕುಡೀತಾವ್ರಿ. ನಾ ಕುಡಿಯೂದಿಲ್ಲ. ನಾಕ ತಿಂಗಳ ನನ್ನ ಕೈಲೆ ಸೇದಿದ ನೀರಿನ ಪಲ್ಯಾ ನೀವು ಉಂಡೀರಿ. ಇರೂದಾದರ ನಾನೂ ಆ ಹಗ್ಗಾ ಹಿಡೀತೇನಿ. ಇಲ್ಲಂದ್ರ ಯುಗಾದಿಗಿ ಬಿಡ್ತೇನಿ."

ಅವರು ಮೊಣಕಾಲ ಮೇಲೆ ಕೈಯೂರಿ ಎದ್ದರು. ಬದನಿ ಕೊಳ್ಳದೆ ಹೋದರು.

ಯಾಕೂಬಸಾಬರು ಊರಬಾಗಿಲ ಅಗಸಿಯ ಆಚೆ ಒಂದು ಕೋಣೆ ನೋಡಿದ್ದಾರೆ. ಹಿತ್ತಿಲಿಲ್ಲ, ಕಲ್ಲುನೆಲ. ಅಲ್ಲಿಗೆ ಹೋಗುತ್ತೇವೆ. ನೀವು ತಗ್ಗಿ ನಡೆಯಬೇಕಿತ್ತು ಎನ್ನುತ್ತೀರಿ. ಅನ್ನಿ.

ರೇಣವ್ವ


ಸಿಂದಗಿ
೨೬ ಮಾರ್ಚ್ ೧೯೭೪

ಜೈಭೀಮ.

ಸುಜಾತಾಳ ಅಪ್ಪನವರಿಗೆ,

ಯುಗಾದಿಯ ದಿನ ಬೆಳಗ್ಗೆ ಕಾಳಪ್ಪನ ಬಂಡಿ ಹೇಳಿದ್ದೆವು. ಟ್ರಂಕು, ಹಾಸಿಗೆ, ಭಾಂಡೆ ಎಲ್ಲ ಹೇರಿ ಆಗಿತ್ತು. ನಾವು ಬಿಡುವುದನ್ನು ಕಣ್ಣಾರೆ ನೋಡಲೆಂದೇ ಬಸಂತರಾಯ ಹಿಂದಿನ ದಿನ ಬಂದಿದ್ದ. ಹಬ್ಬದ ದಿನ ಹೊರಗೆ ಹಾಕುತ್ತಾರೆಂದು ಓಣಿಯ ಹೆಂಗಸರು ಮಾಳಿಗೆಯ ಮೇಲೆ ನಿಂತಿದ್ದರು. ಸುಜಾತಾ ಬಂಡಿಯಲ್ಲಿ ಕೂತು ಅಳುತ್ತಿದ್ದಳು.

ಒಮ್ಮೆ ನೋಡಿ ಬರೋಣವೆಂದು ಹಿತ್ತಿಲಿಗೆ ಹೋದೆ. ಪೀರಬಿಯ ಬಾವಿ ತಳ ಕಂಡಿತ್ತು, ನಾಲ್ಕಾರು ದಿನದಿಂದ ಗಿಡಗಳಿಗೆ ನೀರಿರಲಿಲ್ಲ. ಬದನಿ ಎಲೆ ಜೋತುಬಿದ್ದಿದ್ದವು. ಶಂಕ್ರೆವ್ವ ಬಾವಿಯ ಹತ್ತಿರ ನಿಂತು ಗಾಲಿಗೆ ಹಗ್ಗ ಏರಿಸುತ್ತಿದ್ದರು. ಬಸಂತರಾಯ ಹಿಂದೆಯೇ ಬಂದ.

"ಅತ್ತೀ, ಏನ್ ಮಾಡಾಕತ್ತೀರಿ?"

"ಹಗ್ಗಾ ಹಾಕಾಕತ್ತೇನಿ. ಬದನಿ ಒಣಗಾಕತ್ತಾವ."

"ಆಕಿ ಸೇದಿದರ ನಾ ಈ ಮನ್ಯಾಗ ಒಂದ ಹನಿ ನೀರ ಕುಡಿಯೂದಿಲ್ಲ."

"ಮುದ್ದೇಬಿಹಾಳದಾಗ ಕುಡಿ" ಎಂದರು.

ಆಮೇಲೆ ನನ್ನ ಕಡೆ ನೋಡದೆ, "ಸೇದು" ಎಂದರು.

ಸೇದಿದೆ. ಮೊದಲ ಕೊಡ ಅರ್ಧ ಚೆಲ್ಲಿತು. ಬದನಿಗೆ ಹಾಕಿದೆ, ಮೆಣಸಿಗೆ ಹಾಕಿದೆ, ಚವಳಿಗೆ ಹಾಕಿದೆ. ಕಡೆಯ ಕೊಡ ಸೇದಿ ಬೊಗಸೆಯಲ್ಲಿ ನಾನೇ ಕುಡಿದೆ. ಬಸಂತರಾಯ ಹೋಳಿಗೆ ಉಣ್ಣದೆ ಬಸ್ಸು ಹತ್ತಿದ. ಕಾಳಪ್ಪ, "ಹೆಂಗ ಯವ್ವಾ, ಬಂಡಿ ಹೊಡೀಲೋ ಇಳಸಲೋ?" ಎಂದು ಕೇಳಿದಾಗ ಇಳಿಸು ಎಂದೆ.

ಎಲ್ಲ ಸರಿಹೋಯಿತೆಂದು ತಿಳಿಯಬೇಡಿ. ಶಂಕ್ರೆವ್ವ ಆ ದಿನ ಬಾಗಿಲು ಹಾಕಿಕೊಂಡವರು ಸಂಜೆಯ ತನಕ ತೆಗೆಯಲಿಲ್ಲ. ನಮ್ಮ ಹೊಸ್ತಿಲು ಇನ್ನೂ ದಾಟಿಲ್ಲ. ಬೆಳಗ್ಗೆ ನಾನು ಏಳುವ ಮೊದಲೇ ಅದೇ ಹಗ್ಗದಲ್ಲಿ ತಮ್ಮ ನೀರು ಸೇದಿಕೊಳ್ಳುತ್ತಾರೆ. ಸೇದುವ ಮುಂಚೆ ಹಗ್ಗ ತೊಳೆಯುತ್ತಾರೋ ಇಲ್ಲವೋ, ನಾನು ನೋಡಲು ಹೋಗಿಲ್ಲ. ಚನ್ನವ್ವನ ಮನೆಯವರು ಶಂಕ್ರೆವ್ವನೊಡನೆಯೂ ಮಾತು ಬಿಟ್ಟಿದ್ದಾರೆ.

ಈಗ ನಿಮ್ಮ ಮಾತು. ನೀವು ಬಂದರೆ ಓಣಿಯಲ್ಲಿ ಎಲ್ಲರೂ ನಿಮ್ಮ ಮುಖ ನೋಡುತ್ತಾರೆ. ಶಂಕ್ರೆವ್ವ ಒಂದಲ್ಲ ಒಂದು ದಿನ, ನನ್ನ ಬಾಗಿಲಿಗೆ ಬಂದು ಏನು ಹೇಳಿದ್ದೆಯಪ್ಪಾ ಎಂದು ಕೇಳುತ್ತಾರೆ. ಆಗ ನಗುವುದಕ್ಕೆ ಬರುವುದಿಲ್ಲ. ಹೇಳಬೇಕಾಗುತ್ತದೆ.

ಹೇಳುವುದಾದರೆ ಬನ್ನಿ.

ರೇಣವ್ವ


ಆಲಮಟ್ಟಿ
೪ ಏಪ್ರಿಲ್ ೧೯೭೪

ರೇಣವ್ವಗೆ,

ನಿನ್ನ ಕಾಗದ ಓದಿ ಮಡಚಿಟ್ಟು, ತಿರುಗಿ ಓದಿದೆ. ಶಹಾಬುದ್ದೀನ ಏನು ಸುದ್ದಿ ಎಂದ. ಮೊದಲ ಸಲ ಒಬ್ಬರಿಗೆ ಎಲ್ಲ ಹೇಳಿದೆ, ಖಾನಾವಳಿಯ ಕಥೆಯನ್ನೂ. ಅವನು ಕೇಳಿ, "ನಮ್ಮ ಸ್ಟವ್ ಇಲ್ಲೇ ಇತ್ತಲ್ಲೋ ಮಾರಾಯಾ" ಎಂದ, ಅಷ್ಟೆ. ಈಗ ಇಬ್ಬರೂ ಸೇರಿ ಅಡಿಗೆ ಮಾಡಿಕೊಳ್ಳುತ್ತೇವೆ. ಅವನು ಮೀನು ಸಾರು ಮಾಡುತ್ತಾನೆ, ನಾನು ಅನ್ನ ಸೀಯಿಸುತ್ತೇನೆ.

ಠಾಣೆಗೆ ಜೊತೆಗೆ ನಿಲ್ಲುತ್ತೀರಾ ಎಂದು ನೀನು ಕೇಳಿದ್ದೆ. ನಾನು ನಿಲ್ಲಲಿಲ್ಲ. ಅದನ್ನು ನೀನು ಮತ್ತೆ ಕೇಳಿಲ್ಲ. ಕೇಳಿದ್ದರೆ ಹಗುರಾಗುತ್ತಿತ್ತು.

ಹದಿಮೂರನೆಯ ತಾರೀಖು ಶನಿವಾರ ರಾತ್ರಿಯ ರೈಲಿಗೆ ಬಿಜಾಪುರಕ್ಕೆ ಬಂದು, ಭಾನುವಾರ ಮೊದಲ ಬಸ್ಸಿಗೆ ಸಿಂದಗಿಗೆ ಬರುತ್ತೇನೆ. ಮನೆಗೆ ಬರುವ ಮೊದಲು ಶಂಕ್ರೆವ್ವನವರ ಬಾಗಿಲಿಗೆ ಹೋಗುತ್ತೇನೆ. ನೀನೂ ಬಾ, ಆದರೆ ದೂರ ನಿಲ್ಲು. ನಿನ್ನ ಹಾಗೆ ನನಗೆ ಬಾಯಿ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಇಷ್ಟು ವರ್ಷ ನಾಲಗೆಗೆ ನಾನೇ ಬೇರೆ ಅಭ್ಯಾಸ ಮಾಡಿಸಿದ್ದೇನೆ.

ನಾನು ತಡವರಿಸಿದರೆ ನೀನು ನಡುವೆ ಬಂದು ಹೇಳಿಕೊಡಬೇಡ.

ಭೀಮಶ್ಯಾ